ಬಂದವನು ಯಾರು? ಅಥನೇಷಿಯಸ್ ಕೈಬಿಡದ ಪ್ರಶ್ನೆ

ಪ್ರತಿ ವರ್ಷ ಡಿಸೆಂಬರ್ 25ರಂದು ಜಗತ್ತಿನ ಬಹುಭಾಗದಲ್ಲಿ ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ. ನಕ್ಷತ್ರದೀಪ, ಗೋದಲಿ, ಕೇಕುಗಳ ಸಂಭ್ರಮದ ನಡುವೆ ಆ ದಿನದ ಹಿಂದಿರುವ ಪ್ರತಿಪಾದನೆ ಎಷ್ಟು ದಿಟ್ಟವಾದುದು ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಮಹಾಪುರುಷನೊಬ್ಬ ಹುಟ್ಟಿದ ದಿನವೆಂದಷ್ಟೇ ಕ್ರೈಸ್ತರು ಅದನ್ನು ಆಚರಿಸುವುದಿಲ್ಲ. ಸಮಸ್ತ ವಿಶ್ವವನ್ನು ಸೃಷ್ಟಿಸಿದ ದೇವರೇ ಒಬ್ಬ ಹೆಣ್ಣುಮಗಳ ಗರ್ಭದಲ್ಲಿ ಮನುಷ್ಯನಾಗಿ ಹುಟ್ಟಿ, ಹಸಿವು, ಬಾಯಾರಿಕೆ, ನೋವುಗಳನ್ನು ಉಂಡು, ಕೊನೆಗೆ ಶಿಲುಬೆಯ ಮೇಲೆ ಸತ್ತನು, ಮತ್ತೆ ಎದ್ದನು ಎಂಬುದು ಅವರ ನಂಬಿಕೆ. ಕನ್ನಡದ ಕ್ರೈಸ್ತರು ಇದನ್ನು ಮನುಷ್ಯಾವತಾರ ಎನ್ನುತ್ತಾರೆ.

ಈ ನಂಬಿಕೆಗೆ ಖಚಿತವಾದ ಪದರೂಪ ದೊರೆತದ್ದು ಕ್ರಿ.ಶ. 325ರಲ್ಲಿ, ಇಂದು ತುರ್ಕಿಯ ಇಜ್ನಿಕ್ ಎನಿಸಿಕೊಂಡಿರುವ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆಯಲ್ಲಿ. ಆ ಸಭೆಗೆ 2025ರಲ್ಲಿ 1700 ವರ್ಷ ತುಂಬಿತು. ಅದರ ಹೆಸರನ್ನು ಹೊತ್ತಿರುವ ವಿಶ್ವಾಸಪ್ರಮಾಣವನ್ನು ಕರ್ನಾಟಕದ ಅನೇಕ ಚರ್ಚುಗಳಲ್ಲಿ ಭಕ್ತರು ಇಂದಿಗೂ ಕನ್ನಡದಲ್ಲಿಯೇ ಹೇಳುತ್ತಾರೆ. ಆದರೆ ಸಭೆಯೊಂದು ನಿರ್ಣಯ ಕೈಗೊಳ್ಳುವುದು ಬೇರೆ, ಆ ನಿರ್ಣಯ ಉಳಿಯುವುದು ಬೇರೆ. ನೈಸಿಯಾದ ನಿರ್ಣಯ ಅರ್ಧ ಶತಮಾನದ ಕಾಲ ಅಳಿವು ಉಳಿವಿನ ನಡುವೆ ತೂಗಾಡಿತು. ಅದನ್ನು ಉಳಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್‌ನದು. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರವನ್ನು ವಿಧಿವತ್ತಾಗಿ ಓದಿದವನೂ ಅಲ್ಲ. ವೃತ್ತಿಜೀವನವನ್ನು ಸರ್ಕಾರದ ಕಡತಗಳ ನಡುವೆ ಕಳೆದವನು. ಆದರೂ ನಿವೃತ್ತಿಯ ನಂತರದ ಓದಿನಲ್ಲಿ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸಿದ ಬದುಕುಗಳಲ್ಲಿ ಈತನದೂ ಒಂದು. ಮನುಷ್ಯನಾಗಿ ಬಂದವನು ನಿಜಕ್ಕೂ ಯಾರು ಎಂಬ ಒಂದೇ ಪ್ರಶ್ನೆಗಾಗಿ ಈತ ಐದು ಬಾರಿ ಊರು ಬಿಟ್ಟ. ಆ ಪ್ರಶ್ನೆಗೆ ಅಷ್ಟು ಬೆಲೆ ಏಕೆ ಎಂಬುದನ್ನು ಅರಿಯುವುದು ಕ್ರೈಸ್ತರಲ್ಲದವರಿಗೂ ಅಗತ್ಯವೆಂದು ನನ್ನ ಭಾವನೆ.

ಅಥನೇಷಿಯಸ್ ಹುಟ್ಟಿದ್ದು ಮೂರನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಅಂದಿನ ಅಲೆಕ್ಸಾಂಡ್ರಿಯ ಗ್ರೀಕ್ ವಿದ್ಯೆಯ ತವರು. ನೈಲ್ ಕಣಿವೆಯ ಗೋಧಿಯನ್ನು ಸಾಮ್ರಾಜ್ಯದ ರಾಜಧಾನಿಗೆ ಸಾಗಿಸುತ್ತಿದ್ದ ದೊಡ್ಡ ಬಂದರು. ಈಜಿಪ್ಟಿನ ಮೂಲಧರ್ಮದವರು, ಯೆಹೂದ್ಯರು, ಗ್ರೀಕ್ ತತ್ತ್ವಜ್ಞಾನಿಗಳು, ಕ್ರೈಸ್ತರು ಒಂದೇ ಬೀದಿಯಲ್ಲಿ ಎದುರುಬದುರಾಗುತ್ತಿದ್ದ ನಗರ ಅದು. ಆತ ಬಾಲಕನಾಗಿದ್ದಾಗ, 303ರಲ್ಲಿ, ಸಾಮ್ರಾಟ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ ದಮನ ಆರಂಭಿಸಿದನು. ಈಜಿಪ್ಟಿನಲ್ಲಿ ಅದು ಬಹಳ ಕ್ರೂರವಾಗಿತ್ತು. ಅಲೆಕ್ಸಾಂಡ್ರಿಯದ ಬಿಷಪ್ ಪೀಟರ್ 311ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಸಾವಿಗೆ ಹೆದರದೆ ನಡೆದುಹೋದವರನ್ನು ಕಂಡ ಪೀಳಿಗೆ ಅಥನೇಷಿಯಸ್‌ನದು. ಮುಂದೆ ಆತನ ಬರಹದಲ್ಲಿ ಈ ಅನುಭವವೇ ಒಂದು ವಾದವಾಗಿ ಬಂದಿದೆ.

313ರ ವೇಳೆಗೆ ದಮನ ನಿಂತಿತು. ಹೊರಗಿನ ಭಯ ಕಳೆದ ಕೆಲವೇ ವರ್ಷಗಳಲ್ಲಿ ಒಳಗಿನ ಬಿರುಕು ಕಾಣಿಸಿಕೊಂಡಿತು. ಅಲೆಕ್ಸಾಂಡ್ರಿಯದಲ್ಲಿಯೇ ಪಾದ್ರಿಯಾಗಿದ್ದ ಆರಿಯಸ್ ವಿರಕ್ತ, ವಾಗ್ಮಿ, ತರ್ಕಪಟು. ಆತನ ವಾದ ಮೇಲ್ನೋಟಕ್ಕೆ ಬಹಳ ಸರಳ. ದೇವರು ಒಬ್ಬನೇ, ಆತ ಅನಾದಿ, ಅವಿಕಾರಿ. ಹುಟ್ಟು, ಹಸಿವು, ಸಾವುಗಳಿಗೆ ಒಳಗಾದ ಕ್ರಿಸ್ತ ಅಂಥ ದೇವರಾಗಿರಲು ಸಾಧ್ಯವಿಲ್ಲ. ಆದ್ದರಿಂದ ದೇವಪುತ್ರನು ದೇವರ ಸೃಷ್ಟಿಗಳಲ್ಲಿ ಮೊದಲನೆಯವನು, ಶ್ರೇಷ್ಠನು, ಆದರೂ ಸೃಷ್ಟಿಯೇ. ಆರಿಯಸ್ ತನ್ನ ಮತವನ್ನು ಹಾಡುಗಳಲ್ಲಿ ಕಟ್ಟಿದ. ನಾವಿಕರು, ಹಿಟ್ಟು ಬೀಸುವವರು, ದಾರಿಹೋಕರು ಹಾಡಿಕೊಳ್ಳಲೆಂದು ಅವನ್ನು ರಚಿಸಿದನೆಂದು ಪ್ರಾಚೀನ ಇತಿಹಾಸಕಾರರು ದಾಖಲಿಸಿದ್ದಾರೆ. ಆರಿಯಸ್‌ನನ್ನು ಮೂರ್ಖನೆಂದೋ ಕುಟಿಲನೆಂದೋ ತಳ್ಳಿಹಾಕುವುದು ಸುಲಭವಲ್ಲ. ದೇವರ ಘನತೆಯನ್ನು ಕಾಪಾಡುವುದು ಆತನ ಪ್ರಾಮಾಣಿಕ ಉದ್ದೇಶವಾಗಿತ್ತು. ಬೈಬಲಿನ ವಚನಗಳ ಬೆಂಬಲವೂ ತನಗಿದೆಯೆಂದು ಆತ ತೋರಿಸಿದ್ದನು.

ವಿವಾದ ಹಬ್ಬಿತು. 324ರಲ್ಲಿ ಇಡೀ ಸಾಮ್ರಾಜ್ಯದ ಏಕೈಕ ಒಡೆಯನಾಗಿದ್ದ ಕಾನ್‌ಸ್ಟಂಟೈನನಿಗೆ ಬೇಕಾಗಿದ್ದುದು ಶಾಂತಿ. ಮರುವರ್ಷವೇ ಸರ್ಕಾರಿ ವೆಚ್ಚದಲ್ಲಿ ಬಿಷಪ್‌ಗಳನ್ನು ನೈಸಿಯಾಕ್ಕೆ ಕರೆಸಿದ. ಬಂದವರ ಸಂಖ್ಯೆಯನ್ನು ಸಂಪ್ರದಾಯ 318 ಎನ್ನುತ್ತದೆ; ನಿಜಸಂಖ್ಯೆ ಇದಕ್ಕಿಂತ ತುಸು ಕಡಿಮೆಯಿದ್ದೀತು. ದಮನದ ಕಾಲದ ಗಾಯದ ಗುರುತುಗಳನ್ನು ಹೊತ್ತವರೂ ಅವರಲ್ಲಿದ್ದರು. ಅಥನೇಷಿಯಸ್ ಆಗ ಬಿಷಪ್ ಅಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಅಲೆಕ್ಸಾಂಡರನ ಜೊತೆಗೆ ಬಂದಿದ್ದ ಯುವ ಡೀಕನ್. ಸಭೆಯು ಪುತ್ರನು ತಂದೆಯೊಡನೆ ಒಂದೇ ಸತ್ತ್ವದವನು ಎಂಬ ಅರ್ಥದ ಹೋಮೊಊಸಿಯೋಸ್ ಎಂಬ ಗ್ರೀಕ್ ಪದವನ್ನು ಅಂಗೀಕರಿಸಿತು. ಆ ಪದ ಬೈಬಲಿನಲ್ಲಿ ಇಲ್ಲವೆಂಬ ಆಕ್ಷೇಪವಿತ್ತು. ಬೈಬಲಿನ ಪದಗಳನ್ನೆಲ್ಲ ಆರಿಯಸ್‌ನ ಕಡೆಯವರು ತಮಗೆ ಬೇಕಾದಂತೆ ಅರ್ಥೈಸಿಕೊಳ್ಳುತ್ತಿದ್ದುದರಿಂದ ಅನುಮಾನಕ್ಕೆ ಎಡೆಯಿಲ್ಲದ ಪದವೊಂದು ಬೇಕಾಯಿತೆಂದು ಅಥನೇಷಿಯಸ್ ಮುಂದೆ ವಿವರಿಸಿದ್ದಾನೆ. ಕಾನೂನಿನ ಕರಡು ಸಿದ್ಧಪಡಿಸಿದ ಅನುಭವವುಳ್ಳವರಿಗೆ ಈ ಕಷ್ಟ ಅರ್ಥವಾಗುತ್ತದೆ. ಎರಡು ಬಣಗಳೂ ಸಂತೋಷದಿಂದ ಸಹಿ ಹಾಕಬಲ್ಲ ವಾಕ್ಯ ಬಹುತೇಕ ಯಾವುದನ್ನೂ ತೀರ್ಮಾನಿಸುವುದಿಲ್ಲ.

328ರಲ್ಲಿ ಅಥನೇಷಿಯಸ್ ಅಲೆಕ್ಸಾಂಡ್ರಿಯದ ಬಿಷಪ್ ಆದನು. ಮನುಷ್ಯಾವತಾರವನ್ನು ಕುರಿತ ಆತನ ಪುಟ್ಟ ಗ್ರಂಥ ಈ ಕಾಲದ್ದೆಂದು ಕೆಲವು ವಿದ್ವಾಂಸರೂ, ಅದಕ್ಕೂ ಹತ್ತು ವರ್ಷ ಮೊದಲಿನದೆಂದು ಇತರರೂ ಹೇಳುತ್ತಾರೆ. ಅದರಲ್ಲಿ ಆರಿಯಸ್‌ನ ಹೆಸರೇ ಇಲ್ಲ. ದೇವರು ಮನುಷ್ಯನಾದನು ಎಂಬುದನ್ನು ಬುದ್ಧಿಯುಳ್ಳವನು ಏಕೆ ನಂಬಬೇಕು ಎಂಬುದೇ ಅದರ ವಸ್ತು.

ಆತನ ತರ್ಕ ಸಾಗುವ ಬಗೆ ಹೀಗಿದೆ. ದೇವರು ಎಲ್ಲವನ್ನೂ ಶೂನ್ಯದಿಂದ ಉಂಟುಮಾಡಿದ. ಮನುಷ್ಯನಿಗೆ ತನ್ನ ಪ್ರತಿರೂಪವನ್ನು ದಯಪಾಲಿಸಿದ. ತನ್ನಿಂದ ವಿಮುಖನಾದರೆ ಮರಣ ನಿನ್ನ ಪಾಲಾಗುತ್ತದೆ ಎಂದು ಎಚ್ಚರಿಸಿದ. ಮನುಷ್ಯ ವಿಮುಖನಾದ, ಬಂದ ಶೂನ್ಯದತ್ತ ಮರಳಿ ಜಾರತೊಡಗಿದ. ಈಗ ದೇವರು ಏನು ಮಾಡಬೇಕು? ಮಾತನ್ನು ಹಿಂತೆಗೆದುಕೊಂಡರೆ ಆತ ಸತ್ಯವಂತನಲ್ಲ. ಮಾತಿನಂತೆ ನಡೆದು ಸುಮ್ಮನಿದ್ದರೆ ತನ್ನದೇ ಕೃತಿ ಕಣ್ಣೆದುರು ನಾಶವಾಗಲು ಬಿಟ್ಟಂತೆ, ಅದು ಒಳ್ಳೆಯತನವಲ್ಲ. ಪಶ್ಚಾತ್ತಾಪ ಸಾಲದೇ ಎಂದು ಆತನೇ ಕೇಳಿಕೊಳ್ಳುತ್ತಾನೆ. ತಪ್ಪು ಮಾತ್ರವೇ ಆಗಿದ್ದರೆ ಸಾಕಾಗುತ್ತಿತ್ತು. ಆದರೆ ಮನುಷ್ಯನ ಸ್ವಭಾವಕ್ಕೇ ನಾಶ ತಗುಲಿದೆ, ಪಶ್ಚಾತ್ತಾಪ ಅದನ್ನು ವಾಸಿಮಾಡದು ಎಂಬುದು ಉತ್ತರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಇಕ್ಕಟ್ಟು ಅಪರಿಚಿತವಲ್ಲ. ಕೊಟ್ಟ ಮಾತನ್ನು ಪ್ರತಿ ಬಾರಿ ಸಡಿಲಿಸುವ ಆಡಳಿತವನ್ನು ಯಾರೂ ನಂಬುವುದಿಲ್ಲ. ಎಂದೂ ಸಡಿಲಿಸದ ಆಡಳಿತ ತನ್ನ ಪ್ರಜೆಗಳನ್ನೇ ಮುಗಿಸುತ್ತದೆ. ಅಥನೇಷಿಯಸ್ ಕಾಣುವ ಪರಿಹಾರ ಒಂದೇ. ಯಾರ ಮೂಲಕ ಸೃಷ್ಟಿಯಾಯಿತೋ ಆ ದೇವರ ವಾಕ್ಯವೇ, ಗ್ರೀಕರು ಲೋಗೋಸ್ ಎನ್ನುವ ಆ ಚೈತನ್ಯವೇ, ಸಾಯಬಲ್ಲ ದೇಹವೊಂದನ್ನು ತನ್ನದಾಗಿಸಿಕೊಂಡು ಎಲ್ಲರ ಸಾಲವನ್ನು ತಾನೇ ತೀರಿಸುವುದು. ಸಾವನ್ನು ಒಳಹೊಕ್ಕು ಗೆಲ್ಲುವುದು.

ಆತ ಕೊಡುವ ಹೋಲಿಕೆಗಳು ಪೇಟೆಬೀದಿಯ ಮಂದಿಗೂ ತಿಳಿಯುವಂಥವು. ಹಲಗೆಯ ಮೇಲಿನ ಭಾವಚಿತ್ರ ಕೊಳೆಯಿಂದ ಅಳಿಸಿಹೋದರೆ ಹಲಗೆಯನ್ನು ಎಸೆಯುವುದಿಲ್ಲ. ಯಾರ ಚಿತ್ರವೋ ಆತನೇ ಮತ್ತೆ ಬಂದು ಕುಳಿತರೆ ಅದೇ ಹಲಗೆಯ ಮೇಲೆ ಚಿತ್ರ ಮರಳಿ ಮೂಡುತ್ತದೆ. ದೊಡ್ಡ ಅರಸನು ನಗರವೊಂದರ ಯಾವುದೋ ಒಂದು ಮನೆಯಲ್ಲಿ ಬಂದು ನೆಲೆಸಿದರೆ ಇಡೀ ನಗರಕ್ಕೆ ಮರ್ಯಾದೆ. ಕಳ್ಳಕಾಕರು ಅತ್ತ ಸುಳಿಯುವುದಿಲ್ಲ. ದೇವರು ಮನುಷ್ಯದೇಹದಲ್ಲಿರುವುದು ಆತನಿಗೆ ಅಗೌರವವಲ್ಲವೇ ಎಂಬ ಗ್ರೀಕ್ ಪಂಡಿತರ ಪ್ರಶ್ನೆಗೆ, ಇಡೀ ವಿಶ್ವವೆಂಬ ದೇಹವನ್ನು ಲೋಗೋಸ್ ವ್ಯಾಪಿಸಿದೆಯೆಂದು ಒಪ್ಪುವ ನೀವು ಅದರ ಒಂದು ಅಂಶವಾದ ಮನುಷ್ಯದೇಹದಲ್ಲಿ ಅದು ಪ್ರಕಟವಾಗುವುದನ್ನು ಮಾತ್ರ ಹೇಗೆ ಅಸಂಗತವೆನ್ನುತ್ತೀರಿ ಎಂಬ ಮರುಪ್ರಶ್ನೆ ಹಾಕುತ್ತಾನೆ. ಜೊತೆಗೆ ಕಣ್ಣಿಗೆ ಕಾಣುವ ಸಾಕ್ಷ್ಯಗಳನ್ನೂ ಒಡ್ಡುತ್ತಾನೆ. ಯೆಹೂದ್ಯ ಪ್ರವಾದಿಗಳ ಮುನ್ನುಡಿಗಳು ನೆರವೇರಿವೆ, ಹೆಂಗಸರೂ ಮಕ್ಕಳೂ ಸಾವನ್ನು ತೃಣವೆಂದು ಕಾಣುತ್ತಿದ್ದಾರೆ, ಹಳೆಯ ದೈವವಾಣಿಗಳು ಮೌನವಾಗಿವೆ, ಯುದ್ಧಪ್ರಿಯ ಜನ ಕತ್ತಿ ಕೆಳಗಿಡುತ್ತಿದ್ದಾರೆ. ಸತ್ತವನೊಬ್ಬ ಇಷ್ಟನ್ನು ಮಾಡಬಲ್ಲನೇ ಎಂಬುದು ಆತನ ಸವಾಲು.

ಆರಿಯಸ್‌ನೊಡನೆ ಆತನ ಹಟ ಏಕೆ ಅಷ್ಟು ಕಠಿಣವಾಯಿತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಂದವನು ಸೃಷ್ಟಿಯಾದವನೇ ಆಗಿದ್ದರೆ ಅವನಿಂದ ಮರುಸೃಷ್ಟಿ ಸಾಧ್ಯವಿಲ್ಲ. ಸಾಲಗಾರ ಮತ್ತೊಬ್ಬ ಸಾಲಗಾರನ ಋಣ ತೀರಿಸಲಾರ. ಅಲ್ಲದೆ, ಕ್ರೈಸ್ತರು ಮೊದಲಿನಿಂದಲೂ ಕ್ರಿಸ್ತನನ್ನು ಆರಾಧಿಸುತ್ತ, ಆತನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತ ಬಂದಿದ್ದರು. ಆತ ಸೃಷ್ಟಿಯಾದರೆ ಆ ಆರಾಧನೆಯೇ ವಿಗ್ರಹಾರಾಧನೆಯಾಗುತ್ತದೆ. ಬರಗಾಲದ ವರ್ಷಗಳಲ್ಲಿ ಹಳ್ಳಿಗಳನ್ನು ಸುತ್ತುವಾಗ ನಾನು ಗಮನಿಸಿದ ಸಂಗತಿಯೊಂದುಂಟು. ಪರಿಹಾರದ ಆದೇಶ ತಲುಪಿದೆಯೆಂದರೆ ಜನ ತಲೆಯಾಡಿಸುತ್ತಿದ್ದರು. ಸಾಹೇಬರೇ ಬರುತ್ತಾರೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಒಣಗಿದ ಬಾವಿಯ ಕಟ್ಟೆಯ ಮೇಲೆ ಅಧಿಕಾರ ಉಳ್ಳವನೇ ಬಂದು ಕೂರುವುದಕ್ಕೂ ಅವನ ಪ್ರತಿನಿಧಿ ಬಂದು ಹೋಗುವುದಕ್ಕೂ ಇರುವ ಅಂತರ ಅವರಿಗೆ ಗೊತ್ತಿತ್ತು. ಆರಿಯಸ್‌ನ ದೇವರು ಶ್ರೇಷ್ಠ ಪ್ರತಿನಿಧಿಯನ್ನು ಕಳುಹಿಸಿದ. ಅಥನೇಷಿಯಸ್‌ನ ದೇವರು ತಾನೇ ಬಂದ. ವಿವಾದದ ತಿರುಳು ಇದೇ.

ನೈಸಿಯಾದ ನಂತರ ಗಾಳಿ ಬೇಗನೆ ತಿರುಗಿತು. ಆಸ್ಥಾನದಲ್ಲಿ ಪ್ರಭಾವಿಯಾಗಿದ್ದ ನಿಕೊಮೀಡಿಯದ ಯುಸೇಬಿಯಸ್ ಆರಿಯಸ್‌ನ ಪರವಾಗಿದ್ದ. ಅಥನೇಷಿಯಸ್‌ನ ಮೇಲೆ ದೂರುಗಳ ಸರಮಾಲೆಯೇ ಬಂದಿತು. ಮೆಲಿಷಿಯನ್ ಎಂಬ ಭಿನ್ನಪಂಗಡದ ಬಿಷಪ್ ಆರ್ಸೇನಿಯಸ್‌ನನ್ನು ಕೊಲ್ಲಿಸಿ ಮಾಟಕ್ಕಾಗಿ ಕೈ ಕತ್ತರಿಸಿಕೊಂಡನೆಂಬುದು ಒಂದು. ಆರ್ಸೇನಿಯಸ್ ಅಡಗಿದ್ದಲ್ಲಿಂದ ಎರಡೂ ಕೈಗಳೊಡನೆ ಜೀವಂತವಾಗಿ ಪತ್ತೆಯಾದನು! ಪೂಜಾಪಾತ್ರೆಯೊಂದನ್ನು ಒಡೆಸಿದನೆಂಬ ಇನ್ನೊಂದು ಆರೋಪದ ತನಿಖೆಗೆ 335ರ ಟೈರ್ ಸಭೆ ನೇಮಿಸಿದ ಆಯೋಗದಲ್ಲಿ ಇದ್ದವರು ಆತನ ವಿರೋಧಿಗಳೇ. ಆಯೋಗ ಆತನ ಕಡೆಯ ಪಾದ್ರಿಗಳನ್ನು ಹೊರಗಿಟ್ಟು ವಿಚಾರಣೆ ನಡೆಸಿತು. ಅದರ ಇಬ್ಬರು ಸದಸ್ಯರು ಕೆಲವು ವರ್ಷಗಳ ಬಳಿಕ ತಮ್ಮ ಆರೋಪ ಸುಳ್ಳೆಂದು ಬರೆದುಕೊಟ್ಟರು. ಸಾಮ್ರಾಟನ ಒಲವು ಬದಲಾದಾಗ ಆ ಬರಹದಿಂದಲೂ ಹಿಂದೆ ಸರಿದರು. ಆಯೋಗಗಳ ಇತಿಹಾಸ ಬಹಳ ಹಳೆಯದು.

ಕಾನ್‌ಸ್ಟಂಟೈನ್ ಕೊನೆಗೆ ಆತನನ್ನು ಗಡೀಪಾರು ಮಾಡಿದ್ದು ಈ ಯಾವ ಆರೋಪದ ಮೇಲೂ ಅಲ್ಲ. ಅಲೆಕ್ಸಾಂಡ್ರಿಯದಿಂದ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗುವ ಗೋಧಿಯನ್ನು ತಡೆಯುವುದಾಗಿ ಬಿಷಪ್ ಬೆದರಿಸಿದ್ದಾನೆಂಬ ದೂರು ಸಾಮ್ರಾಟನನ್ನು ಕೆರಳಿಸಿತು. ರಾಜಧಾನಿಯ ಅನ್ನದ ಪ್ರಶ್ನೆ ಬಂದಾಗ ಯಾವ ಆಡಳಿತಗಾರನೂ ಸಾಕ್ಷ್ಯಕ್ಕಾಗಿ ಕಾಯುವುದಿಲ್ಲ. ಅಥನೇಷಿಯಸ್ ಇಂದಿನ ಜರ್ಮನಿಯ ಟ್ರಿಯರ್ ನಗರ ಸೇರಿದನು. 337ರಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ ಮೇಲೆ ಮರಳಿದನು. 339ರಲ್ಲಿ, ಆತನ ಮಗ ಕಾನ್‌ಸ್ಟಾಂಟಿಯಸ್‌ನ ಕಾಲದಲ್ಲಿ, ಮತ್ತೆ ಹೊರಬಿದ್ದು ಏಳು ವರ್ಷ ರೋಮ್ ಮೊದಲಾದ ಪಶ್ಚಿಮದ ನಗರಗಳಲ್ಲಿ ಕಳೆದನು. 356ರ ಫೆಬ್ರುವರಿಯ ಒಂದು ರಾತ್ರಿ ಜಾಗರಣೆಯ ಪ್ರಾರ್ಥನೆ ನಡೆಯುತ್ತಿದ್ದ ಚರ್ಚಿಗೆ ಸೈನಿಕರು ನುಗ್ಗಿದರು. ಜನ ಚದುರುವವರೆಗೆ ಪೀಠ ಬಿಡಲೊಪ್ಪದ ಬಿಷಪ್‌ನನ್ನು ಆಪ್ತರು ಎಳೆದೊಯ್ದು ಉಳಿಸಿದರು. ಮುಂದಿನ ಆರು ವರ್ಷ ಆತನ ನೆಲೆ ಮರುಭೂಮಿಯ ಸನ್ಯಾಸಿಗಳ ಗುಡಿಸಲುಗಳು. ಸಂತ ಆಂಟೊನಿಯ ಪ್ರಸಿದ್ಧ ಜೀವನಚರಿತ್ರೆಯನ್ನು ಆತ ಬರೆದದ್ದು ಈ ಅಜ್ಞಾತವಾಸದ ಕಾಲದಲ್ಲಿಯೇ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. 362ರಲ್ಲಿ ಹಳೆಯ ದೇವತೆಗಳ ಭಕ್ತನಾದ ಸಾಮ್ರಾಟ ಜೂಲಿಯನ್, 365ರಲ್ಲಿ ಆರಿಯಸ್ ಪಂಥದ ಕಡೆಗೆ ವಾಲಿದ್ದ ವ್ಯಾಲೆನ್ಸ್ ಆತನನ್ನು ಮತ್ತೆ ಓಡಿಸಿದರು. 45 ವರ್ಷದ ಅಧಿಕಾರಾವಧಿಯಲ್ಲಿ ಸುಮಾರು 17 ವರ್ಷ ಗಡೀಪಾರಿನಲ್ಲಿ ಕಳೆದವು.

ಜೂಲಿಯನ್‌ನ ಕಾಲದಲ್ಲಿ ನೈಲ್ ನದಿಯಲ್ಲಿ ದೋಣಿಯೇರಿ ಹೋಗುತ್ತಿದ್ದಾಗ ಬೆನ್ನಟ್ಟಿದವರ ಸುದ್ದಿ ತಿಳಿದು ದೋಣಿಯನ್ನು ಅವರತ್ತಲೇ ತಿರುಗಿಸಿದನಂತೆ. ಬಿಷಪ್ ಎಲ್ಲಿ ಎಂದು ಕೇಳಿದವರಿಗೆ ಆತ ಬಹಳ ದೂರದಲ್ಲಿಲ್ಲವೆಂಬ ಉತ್ತರ ಸಿಕ್ಕಿತು. ಅವರು ಮುಂದಕ್ಕೆ ಹೋದರು, ಈತ ನಗರಕ್ಕೆ ಹಿಂದಿರುಗಿದನು. ಹಳೆಯ ಇತಿಹಾಸಕಾರರು ಹೇಳುವ ಈ ಕಥೆಯಲ್ಲಿ ಆತನ ಸ್ವಭಾವದ ಒಂದು ಮುಖ ಕಾಣುತ್ತದೆ.

ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. 1924ರಲ್ಲಿ ಪ್ರಕಟವಾದ ಪಪೈರಸ್ ಪತ್ರವೊಂದು ಆತನ ಬೆಂಬಲಿಗರು ಮೆಲಿಷಿಯನ್ನರನ್ನು ಹೊಡೆದು ಬಡಿದ ಸಂಗತಿಯನ್ನು ಹೇಳುತ್ತದೆ. ವಿರೋಧಿಗಳನ್ನು ಕುರಿತ ಆತನ ಬರಹ ಅನೇಕ ಕಡೆ ಕಟುವಾಗಿದೆ, ಪಕ್ಷಪಾತದಿಂದ ಕೂಡಿದೆ. ಸಂತನೆಂಬ ಬಿರುದು ಈ ದಾಖಲೆಗಳನ್ನು ಅಳಿಸಲಾರದು. ಆದರೆ ವಯಸ್ಸಿನೊಡನೆ ಆತ ಮಾಗಿದನೆಂಬುದಕ್ಕೂ ದಾಖಲೆಯುಂಟು. ಪುತ್ರನು ತಂದೆಗೆ ಸದೃಶ ಸತ್ತ್ವದವನು ಎನ್ನುತ್ತಿದ್ದ ಮಧ್ಯಮಪಂಥದವರನ್ನು ಆತ ಶತ್ರುಗಳೆಂದು ಕರೆಯದೆ, ಪದವನ್ನಷ್ಟೇ ಒಪ್ಪಬೇಕಾಗಿರುವ ಸಹೋದರರೆಂದು ಕರೆದನು. 362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸಭೆ ಸೇರಿಸಿ, ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಬಳಸುತ್ತಿದ್ದ ಎರಡು ಗುಂಪುಗಳನ್ನು ವಿಚಾರಿಸಿ, ಇಬ್ಬರ ಅಭಿಪ್ರಾಯವೂ ಒಂದೇ ಎಂದು ಸಮಾಧಾನಪಡಿಸಿದನು. ಪದಕ್ಕಾಗಿ ಜೀವ ತೇಯ್ದವನಿಗೆ ಪದಕ್ಕಿಂತ ಅರ್ಥ ದೊಡ್ಡದೆಂಬ ವಿವೇಕವೂ ಇತ್ತು. 367ರ ಹಬ್ಬದ ಪತ್ರದಲ್ಲಿ ಆತ ಕೊಟ್ಟ ಪಟ್ಟಿಯೇ ಇಂದು ಎಲ್ಲೆಡೆ ಬಳಕೆಯಲ್ಲಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಯಥಾವತ್ತಾಗಿ ಹೆಸರಿಸಿದ, ನಮಗೆ ದೊರೆತಿರುವ ಮೊದಲ ಪಟ್ಟಿ. 373ರ ಮೇ 2ರಂದು ತನ್ನ ಊರಿನಲ್ಲಿಯೇ ಕಣ್ಣುಮುಚ್ಚಿದನು. ಎಂಟು ವರ್ಷಗಳ ಬಳಿಕ, 381ರ ಕಾನ್‌ಸ್ಟಾಂಟಿನೋಪಲ್ ಸಭೆ ನೈಸಿಯಾದ ನಿಲುವನ್ನು ಸ್ಥಿರಪಡಿಸಿತು. ಅದನ್ನು ನೋಡಲು ಆತ ಇರಲಿಲ್ಲ.

ಹಾಗಾದರೆ ಆತನ ಕಾರಣಗಳು ಇಂದಿನ ಓದುಗನನ್ನು ಒಪ್ಪಿಸಬಲ್ಲವೇ? ಎಲ್ಲವೂ ಒಂದೇ ತೂಕದವಲ್ಲ. ಯುದ್ಧಪ್ರಿಯರು ಕತ್ತಿ ಕೆಳಗಿಟ್ಟರೆಂಬ ವಾದವನ್ನು ನಂತರದ ಹದಿನೇಳು ಶತಮಾನಗಳ ಇತಿಹಾಸ ಬೆಂಬಲಿಸುವುದಿಲ್ಲ. ಕ್ರೈಸ್ತ ರಾಜ್ಯಗಳ ಕದನಗಳು ಕಡಿಮೆಯಲ್ಲ. ಹುತಾತ್ಮರ ಧೈರ್ಯವೂ, ಸ್ವತಃ ಅಥನೇಷಿಯಸ್‌ನ ಗಡೀಪಾರುಗಳೂ ಪ್ರಾಮಾಣಿಕತೆಗೆ ಸಾಕ್ಷಿಯೇ ಹೊರತು ಸತ್ಯಕ್ಕೆ ಸಾಕ್ಷಿಯಲ್ಲ. ಆರಿಯಸ್ ಕೂಡ ಗಡೀಪಾರಾಗಿದ್ದನು. ಹೆಚ್ಚು ಬೆಲೆ ತೆತ್ತವನ ಮಾತೇ ನಿಜವೆನ್ನುವುದಾದರೆ ಎಲ್ಲ ಧರ್ಮಗಳೂ ಏಕಕಾಲಕ್ಕೆ ನಿಜವಾಗಬೇಕಾಗುತ್ತದೆ. ಪ್ರವಾದನೆಗಳ ವಾದಕ್ಕೆ ಯೆಹೂದ್ಯ ವಿದ್ವಾಂಸರ ಬೇರೆ ವ್ಯಾಖ್ಯಾನಗಳಿವೆ.

ಉಳಿದು ನಿಲ್ಲುವುದು ಆತನ ನಡುವಿನ ತರ್ಕ. ದೇವರು ಒಳ್ಳೆಯವನೂ ಸತ್ಯವಂತನೂ ಆಗಿದ್ದರೆ, ಸಾವು ಮನುಷ್ಯನ ನಿಜವಾದ ವ್ಯಾಧಿಯಾಗಿದ್ದರೆ, ದೂರದಿಂದ ಕೊಟ್ಟ ಉಪದೇಶವಾಗಲಿ ಕಳುಹಿಸಿದ ದೂತನಾಗಲಿ ಸಾಲದು ಎಂಬ ಮಾತಿಗೆ ಬಲವಿದೆ. ಅದು ಗಣಿತದಂತೆ ಸಾಧಿಸಿ ತೋರಿಸುವ ಬಲವಲ್ಲ. ಪೂರ್ವಪಕ್ಷದ ಒಂದು ಕಲ್ಲು ತೆಗೆದರೂ ಕಟ್ಟಡ ಅಲುಗುತ್ತದೆ. ಆದರೆ ಒಪ್ಪುವವರು ಕುರುಡಾಗಿ ಒಪ್ಪುತ್ತಿಲ್ಲ, ಕಾರಣ ಕೊಟ್ಟು ಒಪ್ಪುತ್ತಿದ್ದಾರೆ ಎಂಬುದನ್ನು ಈ ಗ್ರಂಥ ಸ್ಪಷ್ಟಪಡಿಸುತ್ತದೆ. 1944ರಲ್ಲಿ ಇದರ ಇಂಗ್ಲಿಷ್ ಅನುವಾದಕ್ಕೆ ಸಾಹಿತಿ ಸಿ.ಎಸ್. ಲೂಯಿಸ್ ಮುನ್ನುಡಿ ಬರೆದು, ಹಳೆಯ ಪುಸ್ತಕಗಳನ್ನು ಪಂಡಿತರಿಗೆ ಬಿಟ್ಟುಬಿಡಬಾರದೆಂದು ವಾದಿಸಿದ್ದು ಉಚಿತವಾಗಿಯೇ ಇದೆ.

ಅವತಾರದ ಕಲ್ಪನೆಯಲ್ಲಿ ಬೆಳೆದ ನಮಗೆ ಇದು ಪರಿಚಿತವೆನಿಸಬಹುದು. ಆ ಪರಿಚಯವೇ ಮೋಸಗೊಳಿಸುವುದೂ ಉಂಟು. ನಮ್ಮಲ್ಲಿ ಅವತಾರಗಳು ಹಲವು. ಕ್ರೈಸ್ತರಿಗೆ ಇದು ಒಮ್ಮೆ ಮಾತ್ರ, ಇತಿಹಾಸದ ಒಂದು ತಾರೀಖಿಗೆ ಕಟ್ಟುಬಿದ್ದದ್ದು. ಉಡುಪಿಯ ಮಧ್ವಾಚಾರ್ಯರು ಮೂಲರೂಪಕ್ಕೂ ಅವತಾರರೂಪಕ್ಕೂ ಭೇದವಿಲ್ಲವೆಂದು ಸಾರಿದರು. ಇಳಿದು ಬಂದವನು ಪೂರ್ಣ ದೇವನೇ ಎಂಬಲ್ಲಿ ಅವರ ನಿಲುವಿಗೂ ಅಥನೇಷಿಯಸ್‌ನ ನಿಲುವಿಗೂ ಸಾಮ್ಯ ಕಾಣುತ್ತದೆ. ಆದರೆ ಅವತಾರದ ದೇಹ ಪ್ರಾಕೃತವಲ್ಲ, ಅದಕ್ಕೆ ನೋವು ಸಾವುಗಳ ಲೇಪವಿಲ್ಲ ಎಂಬುದು ಮಾಧ್ವ ಸಿದ್ಧಾಂತ. ನಮ್ಮಂಥದೇ ಸಾಯುವ ದೇಹವಲ್ಲದಿದ್ದರೆ ಬಂದೂ ಪ್ರಯೋಜನವಿಲ್ಲ ಎಂಬುದು ಅಥನೇಷಿಯಸ್‌ನ ಸಿದ್ಧಾಂತ. ಈ ವ್ಯತ್ಯಾಸವನ್ನು ಅಳಿಸಿ ಎಲ್ಲವೂ ಒಂದೇ ಎಂದುಬಿಡುವುದು ಸೌಜನ್ಯದಂತೆ ತೋರಿದರೂ ಇಬ್ಬರಿಗೂ ಮಾಡುವ ಅನ್ಯಾಯ.

ನನ್ನ ಮಟ್ಟಿಗೆ ಈ ಬದುಕಿನಿಂದ ಉಳಿಯುವ ಪಾಠ ಎರಡು. ಸಾಮ್ರಾಟರು ಸಭೆ ಕರೆಯಬಲ್ಲರು, ಸಹಿ ಹಾಕಿಸಬಲ್ಲರು, ಗಡೀಪಾರು ಮಾಡಬಲ್ಲರು. ಮನುಷ್ಯ ಏನನ್ನು ನಿಜವೆಂದು ನಂಬಬೇಕೆಂಬುದನ್ನು ಮಾತ್ರ ಆದೇಶದಿಂದ ತೀರ್ಮಾನಿಸಲಾರರು. ನೈಸಿಯಾದ ಪರವಾಗಿ ಬಂದ ಆದೇಶಕ್ಕೂ ವಿರುದ್ಧವಾಗಿ ಬಂದ ಆದೇಶಕ್ಕೂ ಇದು ಸಮನಾಗಿ ಅನ್ವಯಿಸುತ್ತದೆ. ಎರಡನೆಯದು, ನೆರೆಯವನ ನಂಬಿಕೆಯನ್ನು ಗೌರವಿಸುವುದೆಂದರೆ ಅದನ್ನು ಹಬ್ಬದ ತಿಂಡಿಯಷ್ಟಕ್ಕೆ ಇಳಿಸುವುದಲ್ಲ. ಆತ ನಿಜವಾಗಿ ಏನು ಹೇಳುತ್ತಿದ್ದಾನೆ, ಏಕೆ ಹೇಳುತ್ತಿದ್ದಾನೆ ಎಂದು ಕೇಳಿ, ಒಪ್ಪಲು ಅಥವಾ ಒಪ್ಪದಿರಲು ಕಾರಣ ಹುಡುಕುವುದು. ಬಂದವನು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಓದುಗರು ತಮ್ಮ ವಿವೇಕದಂತೆ ಕಂಡುಕೊಳ್ಳಲಿ. ಅದು ಸಣ್ಣ ಪ್ರಶ್ನೆಯಲ್ಲ ಎಂಬುದನ್ನು ಅಲೆಕ್ಸಾಂಡ್ರಿಯದ ಈ ಹಟವಾದಿ ತನ್ನ ಬದುಕಿನಿಂದಲೇ ತೋರಿಸಿಕೊಟ್ಟಿದ್ದಾನೆ.